ಗಣಕಯಂತ್ರದ ತಳಪಾಯ: ವರ್ತಕರು ಮುಟ್ಟದೆ ಬಿಟ್ಟ ಫರ್ಮ್‌ವೇರ್

1999ರ ಏಪ್ರಿಲ್ 26, ಸೋಮವಾರ. ಹಣಕಾಸು ವರ್ಷ ಮುಗಿದು ಸುಮಾರು ನಾಲ್ಕು ವಾರಗಳಷ್ಟೇ ಕಳೆದಿದ್ದವು. ವ್ಯಾಪಾರಸ್ಥರೂ ಅವರ ಲೆಕ್ಕಿಗರೂ ಹಳೆಯ ವರ್ಷದ ಖಾತೆಗಳನ್ನು ಮುಕ್ತಾಯಗೊಳಿಸುವ ಕಾಲ ಅದು. ಆ ದಿನ ಭಾರತವೂ ಸೇರಿದಂತೆ ಏಷ್ಯಾದ ಅನೇಕ ದೇಶಗಳಲ್ಲಿ ಗಣಕಯಂತ್ರಗಳು ಇದ್ದಕ್ಕಿದ್ದಂತೆ ಸ್ತಬ್ಧಗೊಂಡವು. ಮತ್ತೆ ಗುಂಡಿ ಒತ್ತಿದರೆ ಕೆಲವು ಯಂತ್ರಗಳ ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ದಕ್ಷಿಣ ಕೊರಿಯಾ ಒಂದರಲ್ಲೇ ಹಾನಿಗೀಡಾದ ಯಂತ್ರಗಳ ಸಂಖ್ಯೆ ಲಕ್ಷಗಳಲ್ಲಿತ್ತು. ತೈವಾನಿನ ಚೆನ್ ಇಂಗ್-ಹಾವ್ ಎಂಬ ವಿದ್ಯಾರ್ಥಿ 1998ರಲ್ಲಿ ಬರೆದ, ಸುಮಾರು ಒಂದು ಕಿಲೋಬೈಟ್‌ನಷ್ಟೇ ಗಾತ್ರದ ಸಿಐಎಚ್ ಎಂಬ ವೈರಸ್ ಇದಕ್ಕೆ ಕಾರಣ. ಚೆರ್ನೊಬಿಲ್ ಅಣುಸ್ಥಾವರದ ದುರಂತ ನಡೆದುದೂ ಏಪ್ರಿಲ್ 26ರಂದೇ ಆದ್ದರಿಂದ ಅದಕ್ಕೆ ಚೆರ್ನೊಬಿಲ್ ವೈರಸ್ ಎಂಬ ಹೆಸರೂ ಬಂತು.

ಈ ವೈರಸ್ ಎರಡು ಬಗೆಯ ಹಾನಿ ಮಾಡುತ್ತಿತ್ತು. ಹಾರ್ಡ್ ಡಿಸ್ಕಿನ ಮೊದಲ ಭಾಗವನ್ನು ಅಳಿಸಿಹಾಕುವುದು ಒಂದು. ಪ್ರತಿ ಸಂಜೆ ಲೆಕ್ಕದ ನಕಲನ್ನು ಫ್ಲಾಪಿಗೆ ತೆಗೆದಿಡುವ ಅಭ್ಯಾಸವಿದ್ದವರು ಈ ಹಾನಿಯಿಂದ ಪಾರಾದರು. ಮದರ್‌ಬೋರ್ಡಿನ ಮೇಲಿರುವ ಬಯಾಸ್ ಎಂಬ ಚಿಪ್ಪಿನಲ್ಲಿ ಕಸ ಬರೆದು ಅದನ್ನು ನಿರುಪಯುಕ್ತಗೊಳಿಸುವುದು ಇನ್ನೊಂದು. ಇದಕ್ಕೆ ನಕಲು ಇರಲಿಲ್ಲ. ಚಿಪ್ಪನ್ನು ಕಿತ್ತು ಬದಲಿಸಬೇಕು, ಇಲ್ಲವೇ ಮದರ್‌ಬೋರ್ಡನ್ನೇ ಹೊಸದಾಗಿ ಕೊಳ್ಳಬೇಕು. ಅನೇಕ ವರ್ತಕರು ಬಯಾಸ್ ಎಂಬ ಪದವನ್ನು ಮೊದಲ ಬಾರಿಗೆ ಕೇಳಿದ್ದು ರಿಪೇರಿ ಬಿಲ್ಲಿನಲ್ಲಿ.

ಅದಾದ ಮೇಲೆ ಕಾಲು ಶತಮಾನ ಕಳೆದಿದೆ. ಬಂಗಾರಪೇಟೆಯ ದಿನಸಿ ಮಂಡಿಯಲ್ಲಿ, ಅಕ್ಕಿ ಗಿರಣಿಯ ಕಚೇರಿಯಲ್ಲಿ, ರಾಬರ್ಟ್‌ಸನ್‌ಪೇಟೆಯ ಆಭರಣದ ಅಂಗಡಿಯಲ್ಲಿ, ಬೆಮೆಲ್‌ನಂಥ ಕಾರ್ಖಾನೆಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕದಲ್ಲಿ ಇಂದು ಗಣಕಯಂತ್ರವಿಲ್ಲದೆ ಬಿಲ್ಲಿಲ್ಲ, ಜಿಎಸ್‌ಟಿ ವಿವರಪತ್ರವಿಲ್ಲ, ಇ-ವೇ ಬಿಲ್ಲಿಲ್ಲ. ಆಂಟಿವೈರಸ್ ತಂತ್ರಾಂಶಕ್ಕೆ ಪ್ರತಿ ವರ್ಷ ಹಣ ತೆರುವವರೂ ಇದ್ದಾರೆ. ಆದರೆ ಆ ಬಯಾಸ್ ಚಿಪ್ಪನ್ನು ಮಾತ್ರ ಯಂತ್ರ ಅಂಗಡಿಗೆ ಬಂದ ದಿನದಿಂದ ಗುಜರಿಗೆ ಹೋಗುವ ದಿನದವರೆಗೆ ಯಾರೂ ವಿಚಾರಿಸುವುದಿಲ್ಲ.

ಬೆಳಿಗ್ಗೆ ಬೀಗ ತೆಗೆಯುವವನು

ಮದರ್‌ಬೋರ್ಡಿನ ಒಂದು ಚಿಕ್ಕ ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟಿರುವ ಮೂಲ ತಂತ್ರಾಂಶವೇ ಫರ್ಮ್‌ವೇರ್. ಹಿಂದೆ ಇದನ್ನು ಬಯಾಸ್ ಎನ್ನುತ್ತಿದ್ದರು. ಈಗಿನ ಯಂತ್ರಗಳಲ್ಲಿ ಅದರ ಸ್ಥಾನಕ್ಕೆ ಯುಇಎಫ್‌ಐ ಬಂದಿದೆ, ಆಡುಮಾತಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಗುಂಡಿ ಒತ್ತಿದ ಕೂಡಲೇ ಮೊದಲು ಎಚ್ಚರಗೊಳ್ಳುವುದು ಇದು. ಮೆಮೊರಿ, ಡಿಸ್ಕ್, ಕೀಲಿಮಣೆ ಎಲ್ಲವನ್ನೂ ಪರೀಕ್ಷಿಸಿ, ನಂತರ ವಿಂಡೋಸನ್ನು ಕರೆದು ಅಧಿಕಾರ ಒಪ್ಪಿಸುತ್ತದೆ. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಮಾಲೀಕರೂ ಗುಮಾಸ್ತರೂ ಕಾವಲುಗಾರರೂ ಬರುವ ಮೊದಲೇ ಬಂದು ಬೀಗ ತೆಗೆಯುವ ನಂಬಿಕೆಯ ಆಳು ಇದ್ದಂತೆ. ಆ ಆಳೇ ಕೈಕೊಟ್ಟರೆ ಆಮೇಲೆ ಬರುವ ಕಾವಲುಗಾರನಿಗೆ ಕಳವು ಗೊತ್ತಾಗುವುದಿಲ್ಲ. ಆಂಟಿವೈರಸ್ ತಂತ್ರಾಂಶದ ಸ್ಥಿತಿ ಇದೇ. ಅದು ವಿಂಡೋಸ್ ಬಂದ ಮೇಲೆ ಕೆಲಸಕ್ಕೆ ಹಾಜರಾಗುತ್ತದೆ.

ಇದರಿಂದ ಹುಟ್ಟುವ ಮುಖ್ಯ ತೊಂದರೆ ಇನ್ನೊಂದಿದೆ. ವೈರಸ್ ಬಂದರೆ ಫಾರ್ಮ್ಯಾಟ್ ಮಾಡಿಸುವುದು ಎಲ್ಲರಿಗೂ ತಿಳಿದ ಕೊನೆಯ ಮದ್ದು. ಫರ್ಮ್‌ವೇರ್ ಚಿಪ್ಪಿನಲ್ಲಿ ನೆಲೆಸಿದ ದುಷ್ಟ ತಂತ್ರಾಂಶಕ್ಕೆ ಈ ಮದ್ದು ನಾಟುವುದಿಲ್ಲ. ಡಿಸ್ಕನ್ನೇ ತೆಗೆದು ಹೊಸದನ್ನು ಹಾಕಿದರೂ ಅದು ತನ್ನ ಜಾಗದಲ್ಲೇ ಇರುತ್ತದೆ. ಕೋಲಾರದ ಚಿನ್ನದ ಗಣಿ ಪ್ರದೇಶದವರಿಗೆ ಕಣ್ಣಿಗೆ ಕಾಣದ ಆಳದ ಅಪಾಯ ಹೊಸದೇನಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಸಿಡಿದಾಗ ಮೇಲಿನ ಕಟ್ಟಡಗಳು ನಡುಗುತ್ತಿದ್ದವು. ಗೋಡೆಯ ಬಿರುಕಿಗೆ ಗಾರೆ ಮೆತ್ತಿದರೆ ಆಳದ ಬಂಡೆ ಸುಮ್ಮನಾಗುತ್ತಿರಲಿಲ್ಲ.

2018ರ ಸೆಪ್ಟೆಂಬರಿನಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ ಲೋಜ್ಯಾಕ್ಸ್ ಎಂಬ ದುಷ್ಟ ತಂತ್ರಾಂಶವನ್ನು ಪತ್ತೆಹಚ್ಚಿತು. ಯುಇಎಫ್‌ಐ ಚಿಪ್ಪಿನಲ್ಲಿ ಅಡಗಿ ವಾಸ್ತವವಾಗಿ ದಾಳಿಗೆ ಬಳಕೆಯಾದುದಾಗಿ ಪತ್ತೆಯಾದ ಮೊದಲ ಉದಾಹರಣೆ ಅದು. ಆಗ ಗುರಿಯಾದವು ಯುರೋಪಿನ ಸರ್ಕಾರಿ ಕಚೇರಿಗಳು. ಸಣ್ಣ ವರ್ತಕರು ನಿಶ್ಚಿಂತೆಯಿಂದ ಇರಬಹುದಾಗಿತ್ತು. 2022ರ ಅಕ್ಟೋಬರ್ ವೇಳೆಗೆ ಪರಿಸ್ಥಿತಿ ಬದಲಾಯಿತು. ವಿಂಡೋಸ್ ಏಳುವ ಮೊದಲೇ ಒಳಹೊಕ್ಕು ಸೆಕ್ಯೂರ್ ಬೂಟ್ ಎಂಬ ರಕ್ಷಣೆಯನ್ನೂ ದಾಟಬಲ್ಲ ಬ್ಲ್ಯಾಕ್‌ಲೋಟಸ್ ಎಂಬ ಸಾಧನ ಕಳ್ಳಸಂತೆಯಲ್ಲಿ 5,000 ಡಾಲರಿಗೆ ಮಾರಾಟಕ್ಕೆ ಬಂತು. ಬೇಹುಗಾರರ ಕೈಯಲ್ಲಿದ್ದ ವಿದ್ಯೆಗೆ ಬೆಲೆಚೀಟಿ ಅಂಟಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಇಸೆಟ್ ಸಂಸ್ಥೆ ಹೈಬ್ರಿಡ್‌ಪೆಟ್ಯಾ ಎಂಬ, ಸೆಕ್ಯೂರ್ ಬೂಟನ್ನು ದಾಟಿ ಡಿಸ್ಕಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶದ ಮಾದರಿಯನ್ನು ವಿವರಿಸಿತು. ಅದು ಹೊರಗೆ ಹರಡಿದ ಕುರುಹು ಆಗ ಕಂಡುಬಂದಿರಲಿಲ್ಲ ಎಂಬುದನ್ನೂ ಹೇಳಬೇಕು.

ಭಯ ಹುಟ್ಟಿಸಿ ಸರಕು ಮಾರುವವರ ಮಾತಿಗೆ ಇಲ್ಲಿ ಮರುಳಾಗಬೇಕಾಗಿಲ್ಲ. ಬಂಗಾರಪೇಟೆಯ ವರ್ತಕನೊಬ್ಬ ಇಂದು ಹಣ ಕಳೆದುಕೊಳ್ಳುವ ಸಂಭವ ಹೆಚ್ಚಾಗಿರುವುದು ಸುಳ್ಳು ದೂರವಾಣಿ ಕರೆ, ಮೋಸದ ಇ-ಮೇಲ್ ಮತ್ತು ಒಟಿಪಿ ಹಂಚಿಕೆಯಿಂದಲೇ. ಫರ್ಮ್‌ವೇರ್ ದಾಳಿ ಅಪರೂಪದ್ದು. ಆದರೂ ಬ್ಯಾಂಕ್ ಖಾತೆ, ಡಿಜಿಟಲ್ ಸಹಿಯ ಟೋಕನ್, ಜಿಎಸ್‌ಟಿ ಖಾತೆ ಮೂರೂ ಒಂದೇ ಯಂತ್ರದಲ್ಲಿ ಕೂಡಿರುವಾಗ, ಮತ್ತು ರಕ್ಷಣೆಯ ಬಹುಪಾಲು ಕ್ರಮಗಳಿಗೆ ಹಣವೇ ಬೇಕಿಲ್ಲದಿರುವಾಗ, ಅಪರೂಪವೆಂದು ಕೈಬಿಡುವುದು ವ್ಯಾಪಾರದ ಲೆಕ್ಕವಲ್ಲ. ಅಗ್ನಿ ವಿಮೆಯನ್ನೂ ಯಾರೂ ಪ್ರತಿ ವರ್ಷ ಬೆಂಕಿ ಬೀಳುತ್ತದೆಂದು ಮಾಡಿಸುವುದಿಲ್ಲ.

ಓಡುತ್ತಿರುವುದನ್ನು ಮುಟ್ಟಬಾರದೇ?

ಗಿರಣಿಗಳಲ್ಲಿ ಒಂದು ಹಳೆಯ ನಡವಳಿಕೆಯಿದೆ: ಓಡುತ್ತಿರುವ ಯಂತ್ರಕ್ಕೆ ಸುಮ್ಮನೆ ಕೈಹಾಕಬಾರದು. ಬಯಾಸ್ ವಿಷಯದಲ್ಲೂ ರಿಪೇರಿ ಅಂಗಡಿಯವರು ಇದನ್ನೇ ಹೇಳುತ್ತ ಬಂದರು. ಅವರ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಚಿಪ್ಪಿಗೆ ಹೊಸ ಆವೃತ್ತಿ ಬರೆಯುವಾಗ ನಡುವೆ ವಿದ್ಯುತ್ ಹೋದರೆ ಯಂತ್ರ ಮತ್ತೆ ಏಳದೇ ಇರಬಹುದು. 2024ರ ಮೇ ತಿಂಗಳಲ್ಲಿ ಹೆಸರಾಂತ ತಯಾರಕರೊಬ್ಬರ ಒಂದು ಲ್ಯಾಪ್‌ಟಾಪ್ ಮಾದರಿ, ವಿಂಡೋಸ್ ಮೂಲಕ ತಾನಾಗಿಯೇ ಬಂದ ಬಯಾಸ್ ಪರಿಷ್ಕರಣೆಯಿಂದ ಸ್ಥಗಿತಗೊಂಡ ದೂರುಗಳು ಬಂದವು. 2019ರ ಮಾರ್ಚಿನಲ್ಲಿ ಬಯಲಾದ ಪ್ರಕರಣ ಇದಕ್ಕಿಂತ ವಿಚಿತ್ರ. ಏಸಸ್ ಕಂಪನಿ ತನ್ನ ಗ್ರಾಹಕರಿಗೆ ಪರಿಷ್ಕರಣೆ ಕಳಿಸಲು ಬಳಸುತ್ತಿದ್ದ ತಂತ್ರಾಂಶದೊಳಕ್ಕೇ ಹಿಂದಿನ ವರ್ಷ ಕಳ್ಳರು ನುಸುಳಿದ್ದರು.

ಹೀಗಿದ್ದರೂ ಮುಟ್ಟದೆ ಬಿಡುವುದರ ನಷ್ಟ ಈಗ ಹೆಚ್ಚಾಗಿದೆ. ಇಂಟೆಲ್ ಕಂಪನಿಯ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. ಕೆಲವು ಮಾದರಿಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಬೇಡಿ ಕಾಲಕ್ರಮದಲ್ಲಿ ತಾವೇ ಕೆಡುತ್ತಿದ್ದವು. 2024ರ ಆಗಸ್ಟಿನಲ್ಲಿ ಇದಕ್ಕೆ ತಿದ್ದುಪಡಿ ಬಂತು, ಅದು ಬಂದದ್ದು ಬಯಾಸ್ ಪರಿಷ್ಕರಣೆಯ ರೂಪದಲ್ಲಿ. ಕಂಪನಿ ಖಾತರಿ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಒಮ್ಮೆ ಆದ ಹಾನಿಯನ್ನು ಪರಿಷ್ಕರಣೆ ಸರಿಪಡಿಸಲಾರದು. ಇಲ್ಲಿ ಕಳ್ಳರ ಮಾತಿರಲಿಲ್ಲ. ಬಯಾಸನ್ನು ಮುಟ್ಟದಿದ್ದ ಯಂತ್ರವೇ ಹೆಚ್ಚು ಬೇಗ ಹಾಳಾಯಿತು. 2018ರ ಜನವರಿಯಲ್ಲಿ ಪ್ರಕಟವಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳಲ್ಲಿ ಎರಡನೆಯದರ ತಿದ್ದುಪಡಿಯ ಒಂದು ಭಾಗವೂ ಇದೇ ದಾರಿಯಿಂದ ಬಂದಿತ್ತು.

ಸಣ್ಣ ಪಟ್ಟಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಜೋಡಿಸಿದ ಗಣಕಯಂತ್ರಗಳಿಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. 2023ರ ಮೇ ತಿಂಗಳಲ್ಲಿ ಗಿಗಾಬೈಟ್ ಕಂಪನಿಯ 271 ಮದರ್‌ಬೋರ್ಡ್ ಮಾದರಿಗಳಲ್ಲಿ ಒಂದು ದೋಷ ಬೆಳಕಿಗೆ ಬಂತು. ಚಿಪ್ಪಿನೊಳಗಿನ ತಂತ್ರಾಂಶ ಅಂತರ್ಜಾಲದಿಂದ ಪರಿಷ್ಕರಣೆಯನ್ನು ತಾನೇ ತರಿಸಿಕೊಳ್ಳುತ್ತಿತ್ತು, ಆದರೆ ಬಂದ ಕಡತ ನಿಜವಾದದ್ದೇ ಎಂದು ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲ. ಕಂಪನಿ ತಿದ್ದಿದ ಬಯಾಸನ್ನು ಬಿಡುಗಡೆ ಮಾಡಿತು. ಹಾಕಿಕೊಂಡವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಎರಡನೆಯದು ಪಿಕೆಫೇಲ್ ಎಂಬ ಹೆಸರಿನಿಂದ 2024ರ ಜುಲೈನಲ್ಲಿ ಬಯಲಾದುದು. ಜಗತ್ತಿನ ಬಹಳಷ್ಟು ತಯಾರಕರಿಗೆ ಬಯಾಸ್ ಬರೆದುಕೊಡುವ ಅಮೆರಿಕನ್ ಮೆಗಾಟ್ರೆಂಡ್ಸ್ ಎಂಬ ಸಂಸ್ಥೆಯಿದೆ. 1985ರಲ್ಲಿ ಅಮೆರಿಕದಲ್ಲಿ ಇದನ್ನು ಕಟ್ಟಿದವರಲ್ಲಿ ಪ್ರಮುಖರಾದ ಎಸ್. ಶಂಕರ್ ಭಾರತೀಯ ಮೂಲದವರು. ಸಂಸ್ಥೆಯ ಭಾರತದ ಶಾಖೆ ಚೆನ್ನೈನಲ್ಲಿದೆ, ಅಂದರೆ ಬಂಗಾರಪೇಟೆ ಜಂಕ್ಷನ್ನಿನ ಮೂಲಕ ಹಾದುಹೋಗುವ ರೈಲುದಾರಿಯ ಒಂದು ತುದಿಯಲ್ಲಿ. ಈ ಸಂಸ್ಥೆ ತಯಾರಕರಿಗೆ ಪರೀಕ್ಷೆಗೆಂದು ಒಂದು ಮಾದರಿ ಕೀಲಿಯನ್ನು ಕೊಟ್ಟು, ಅದರ ಮೇಲೆ ‘ನಂಬಬೇಡಿ’ ಎಂಬ ಅರ್ಥದ ಮಾತನ್ನೇ ಬರೆದಿತ್ತು. ತಯಾರಕರು ತಮ್ಮದೇ ಕೀಲಿ ಹಾಕಿ ಸರಕು ಹೊರಗೆ ಕಳಿಸಬೇಕಾಗಿತ್ತು. ಹಲವರು ಮಾದರಿ ಕೀಲಿಯೊಂದಿಗೇ ಯಂತ್ರಗಳನ್ನು ಮಾರಿಬಿಟ್ಟರು. ಅಂಥ ಕೀಲಿಗಳಲ್ಲೊಂದರ ಗುಟ್ಟು ಅಂತರ್ಜಾಲದಲ್ಲಿ ಸೋರಿಹೋಯಿತು. ತಿಜೋರಿ ಕೊಂಡವರ ಕೈಗೆ ಕಾರ್ಖಾನೆಯ ಪ್ರದರ್ಶನದ ಬೀಗವೇ ಬಂದು, ಅದರ ಕೀಲಿ ಸಂತೆಯಲ್ಲಿ ಸಿಗುವಂತಾದರೆ ಹೇಗೋ ಹಾಗೆ. ನೂರಾರು ಮಾದರಿಗಳಿಗೆ ಇದರ ಬಾಧೆ ತಟ್ಟಿತು. ಹೊಸ ಬಯಾಸ್ ಹಾಕುವುದೇ ಇದಕ್ಕೆ ಪರಿಹಾರವಾಗಿತ್ತು.

ಅಗ್ಗದ ಹಳೆಯ ಯಂತ್ರ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳು ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ ದೊರೆಯುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು, ಬಿಲ್ಲಿಂಗ್ ಕೆಲಸಕ್ಕೆ ಧಾರಾಳ ಸಾಕು. ಕೊಳ್ಳುವುದು ತಪ್ಪಲ್ಲ. ಆದರೆ ಇಂಥ ಯಂತ್ರಗಳಲ್ಲಿ ಮನೆಬಳಕೆಯ ಯಂತ್ರಗಳಲ್ಲಿ ಇಲ್ಲದ ಒಂದು ಸೌಲಭ್ಯ ಇರುತ್ತದೆ. ಕಂಪನಿಯ ತಂತ್ರಜ್ಞರು ದೂರದಲ್ಲಿ ಕುಳಿತೇ ಯಂತ್ರವನ್ನು ನಡೆಸಲೆಂದು ಇಂಟೆಲ್ ಅದನ್ನು ಫರ್ಮ್‌ವೇರ್ ಮಟ್ಟದಲ್ಲೇ ಒದಗಿಸಿತ್ತು. 2017ರ ಮೇ ತಿಂಗಳಲ್ಲಿ ಅದರಲ್ಲಿ ಒಂದು ಗಂಭೀರ ದೋಷ ಪ್ರಕಟವಾಯಿತು. ಸೌಲಭ್ಯ ಚಾಲೂ ಇರುವ ಯಂತ್ರಕ್ಕೆ ಪಾಸ್‌ವರ್ಡಿನ ಜಾಗದಲ್ಲಿ ಬರಿದಾದ ಉತ್ತರ ಕಳಿಸಿದರೂ ಒಳಗೆ ಬಿಡುತ್ತಿತ್ತು. ಸುಮಾರು 2010ರಿಂದೀಚಿನ ಯಂತ್ರಗಳಿಗೆ ಇದು ಅನ್ವಯಿಸುತ್ತಿತ್ತು. ದೊಡ್ಡ ಕಂಪನಿಗಳು ತಿದ್ದುಪಡಿ ಹಾಕಿಕೊಂಡವು. ಅದಕ್ಕೂ ಮೊದಲೇ ಉಗ್ರಾಣ ಸೇರಿದ್ದ ಯಂತ್ರಕ್ಕೆ ಯಾರೂ ಹಾಕಿರಲಾರರು. ಕಳವಾದ ಲ್ಯಾಪ್‌ಟಾಪನ್ನು ಹುಡುಕಲೆಂದು ಫರ್ಮ್‌ವೇರಿನಲ್ಲಿ ಇಡುವ ಪತ್ತೆದಾರಿ ತಂತ್ರಾಂಶವೂ ಹಳೆಯ ಮಾಲೀಕರ ಹೆಸರಿನಲ್ಲೇ ಮುಂದುವರಿದಿರಬಹುದು. 2018ರ ಲೋಜ್ಯಾಕ್ಸ್ ಮೂಲತಃ ಇಂಥದೇ ಪತ್ತೆದಾರಿ ತಂತ್ರಾಂಶವನ್ನು ತಿರುಚಿ ಮಾಡಿದ್ದಾಗಿತ್ತು.

ಆದುದರಿಂದ ಹಳೆಯ ಯಂತ್ರ ಕೊಳ್ಳುವಾಗ ಮೊದಲ ದಿನವೇ ತಯಾರಕರ ಜಾಲತಾಣದಿಂದ ಇತ್ತೀಚಿನ ಬಯಾಸ್ ಹಾಕಿಸಿ, ಅದರ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತಂದು, ದೂರನಿಯಂತ್ರಣದ ಸೌಲಭ್ಯವನ್ನು ಮುಚ್ಚಿಸಬೇಕು. ಬಯಾಸಿಗೆ ಹಿಂದಿನವರ ಪಾಸ್‌ವರ್ಡ್ ಇದ್ದು ಮಾರುವವರಿಗೆ ಅದು ತಿಳಿದಿಲ್ಲವಾದರೆ ಆ ಯಂತ್ರವನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ಭಾನುವಾರದ ಒಂದು ಗಂಟೆ

ಅಂಗಡಿಗೆ ರಜೆಯಿರುವ ದಿನ ಈ ಕೆಲಸಕ್ಕೆ ಕೂರುವುದು ಒಳ್ಳೆಯದು. ವಿಂಡೋಸಿನ ಶೋಧ ಪೆಟ್ಟಿಗೆಯಲ್ಲಿ ‘ಸಿಸ್ಟಂ ಇನ್ಫರ್ಮೇಷನ್’ ಎಂದು ಹುಡುಕಿ ತೆರೆದರೆ ಯಂತ್ರದ ಮಾದರಿ, ಬಯಾಸ್ ಆವೃತ್ತಿ ಮತ್ತು ಅದರ ದಿನಾಂಕ, ಬಯಾಸ್ ಮೋಡ್, ಸೆಕ್ಯೂರ್ ಬೂಟ್ ಸ್ಥಿತಿ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತವೆ. ಬಯಾಸ್ ದಿನಾಂಕ ಯಂತ್ರ ಕೊಂಡ ವರ್ಷದ್ದೇ ಆಗಿದ್ದರೆ ಇದುವರೆಗೆ ಯಾರೂ ಮುಟ್ಟಿಲ್ಲವೆಂದು ಅರ್ಥ. ಹೊಸ ಆವೃತ್ತಿಯನ್ನು ತಯಾರಕರ ಸ್ವಂತ ಜಾಲತಾಣದಿಂದಲೇ, ಅದೇ ಮಾದರಿ ಸಂಖ್ಯೆಗೆ ಹೊಂದುವುದನ್ನೇ ಇಳಿಸಿಕೊಳ್ಳಬೇಕು. ಹುಡುಕಾಟದಲ್ಲಿ ಮೇಲೆ ಬರುವ ಬೇರೆಯವರ ತಾಣಗಳಿಂದ ಖಂಡಿತ ಕೂಡದು. ಬಿಡುಗಡೆಯಾದ ದಿನವೇ ಹಾಕಿಕೊಳ್ಳುವ ಆತುರವೂ ಬೇಡ. ತುರ್ತು ದೋಷವಲ್ಲದಿದ್ದರೆ ಎರಡು ಮೂರು ವಾರ ಕಾದರೆ ಬೇರೆಯವರ ಅನುಭವ ತಿಳಿಯುತ್ತದೆ.

ಶುರು ಮಾಡುವ ಮುನ್ನ ಮೂರು ತಯಾರಿಗಳು ಬೇಕು. ಲೆಕ್ಕದ ಕಡತಗಳ ನಕಲು ಹೊರಗಿನ ಡಿಸ್ಕಿನಲ್ಲಿರಬೇಕು. ಡೆಸ್ಕ್‌ಟಾಪ್ ಆದರೆ ಯುಪಿಎಸ್ಸಿನ ಬ್ಯಾಟರಿ ನಿಜವಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿದ್ದು ಚಾರ್ಜರೂ ಜೋಡಿಸಿರಬೇಕು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡು, ಬೆಂಗಳೂರಿನ ಬೀದಿದೀಪಗಳಿಗಿಂತ ಮೂರು ವರ್ಷ ಮೊದಲೇ ಬೆಳಗಿದ ಪ್ರದೇಶವಿದು, ಆದರೂ ಯುಪಿಎಸ್ ಇಲ್ಲದೆ ಬಯಾಸಿಗೆ ಕೈಹಾಕುವ ಧೈರ್ಯ ಬೇಡ. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಈಚಿನ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಅಥವಾ ಅದೇ ಬಗೆಯ ಗೂಢಲಿಪಿಯ ಬೀಗ ಬಿದ್ದಿರುತ್ತದೆ. ಬಯಾಸ್ ಬದಲಾದಾಗ ಯಂತ್ರ 48 ಅಂಕೆಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮತ್ತು ಆ ಖಾತೆಯನ್ನು ಯಂತ್ರ ಮಾರಿದ ಅಂಗಡಿಯ ಹುಡುಗ ತನ್ನದೇ ಇ-ಮೇಲ್ ಹಾಕಿ ತೆರೆದಿದ್ದರೆ ಮಾಲೀಕರು ತಮ್ಮ ಲೆಕ್ಕಕ್ಕೇ ಹೊರಗಿನವರಾಗುತ್ತಾರೆ. ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದು ತಿಜೋರಿಯಲ್ಲಿಟ್ಟು, ಬೀಗವನ್ನು ತಾತ್ಕಾಲಿಕವಾಗಿ ತಡೆಹಿಡಿದು ಮುಂದುವರಿಯಬೇಕು.

ಅದೇ ಹೊತ್ತಿನಲ್ಲಿ ಬಯಾಸಿಗೊಂದು ಪಾಸ್‌ವರ್ಡ್ ಹಾಕಿ, ಪೆನ್‌ಡ್ರೈವ್‌ನಿಂದ ಯಂತ್ರ ಏಳುವುದನ್ನು ನಿಲ್ಲಿಸಬಹುದು. ಸೆಕ್ಯೂರ್ ಬೂಟ್ ಮುಚ್ಚಿದ್ದರೆ ತೆರೆಸಬೇಕು. ಬಯಾಸ್ ಮೋಡ್ ಎಂಬಲ್ಲಿ ‘ಲೆಗಸಿ’ ಎಂದಿದ್ದರೆ ಮಾತ್ರ ಸ್ವತಃ ಬದಲಿಸಲು ಹೋಗಬಾರದು. ಡಿಸ್ಕಿನ ವಿನ್ಯಾಸವನ್ನೂ ಬದಲಿಸದ ಹೊರತು ವಿಂಡೋಸ್ ಏಳುವುದಿಲ್ಲ. ಅದು ಬಲ್ಲ ತಂತ್ರಜ್ಞರ ಕೆಲಸ.

2026ರ ಗಡುವು

ಡಿಜಿಟಲ್ ಸಹಿಯ ಟೋಕನ್ನಿಗೆ ಅವಧಿ ಇರುತ್ತದೆಂಬುದು ವಿವರಪತ್ರ ಸಲ್ಲಿಸುವ ಕೊನೆಯ ದಿನ ಪೇಚಿಗೆ ಸಿಲುಕಿದ ಎಲ್ಲರಿಗೂ ಗೊತ್ತು. ಸೆಕ್ಯೂರ್ ಬೂಟ್ ವ್ಯವಸ್ಥೆಯೂ ಅಂಥದೇ ಪ್ರಮಾಣಪತ್ರಗಳ ಮೇಲೆ ನಿಂತಿದೆ. ಮೈಕ್ರೋಸಾಫ್ಟ್ 2011ರಲ್ಲಿ ಹೊರಡಿಸಿದ ಪ್ರಮಾಣಪತ್ರಗಳ ಅವಧಿಯ ಕೊನೆ 2026ರ ಜೂನ್ ಮತ್ತು ಅಕ್ಟೋಬರ್ ತಿಂಗಳುಗಳಿಗೆ ನಿಗದಿಯಾಗಿದೆ. ಅವುಗಳ ಬದಲಿಗೆ 2023ರ ಪ್ರಮಾಣಪತ್ರಗಳು ಯಂತ್ರದ ಫರ್ಮ್‌ವೇರಿನೊಳಗೆ ಸೇರಬೇಕು. ಅವಧಿ ಮುಗಿದ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ, ಎಂದಿನಂತೆ ಏಳುತ್ತದೆ. ಆದರೆ ಬ್ಲ್ಯಾಕ್‌ಲೋಟಸ್‌ನಂಥ ಹೊಸ ಉಪದ್ರವಗಳ ವಿರುದ್ಧ ಮುಂದೆ ಬರುವ ರದ್ದುಪಟ್ಟಿ ಮತ್ತು ತಿದ್ದುಪಡಿಗಳನ್ನು ಸ್ವೀಕರಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಹೊಸ ಪ್ರಮಾಣಪತ್ರಗಳು ಹೆಚ್ಚಿನ ಯಂತ್ರಗಳಿಗೆ ವಿಂಡೋಸಿನ ಮಾಸಿಕ ಪರಿಷ್ಕರಣೆಯ ಮೂಲಕ ಬರುವಂಥವು. ಕೆಲವಕ್ಕೆ ಮೊದಲು ತಯಾರಕರ ಹೊಸ ಬಯಾಸ್ ಬೇಕಾಗುತ್ತದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಸ್ತೃತ ಭದ್ರತಾ ಯೋಜನೆಗೆ ಸೇರದೆ ಅದನ್ನೇ ನಡೆಸುವವರು ಈ ಸಾಲಿನಿಂದ ಹೊರಗುಳಿಯುತ್ತಾರೆ.

ಲೆಕ್ಕಪತ್ರದ ದೃಷ್ಟಿಯಿಂದಲೂ ಒಂದು ಮಾತಿದೆ. ಕಂಪನಿಗಳ ಕಾಯಿದೆ 2013ರ ಎರಡನೆಯ ಅನುಸೂಚಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳ ಉಪಯುಕ್ತ ಆಯುಷ್ಯವನ್ನು 3 ವರ್ಷವೆಂದು ಹೇಳುತ್ತದೆ. ಆದಾಯ ತೆರಿಗೆಯಲ್ಲಿ ಸವಕಳಿ ದರ ಶೇಕಡಾ 40. ಈ ದರದಲ್ಲಿ 60,000 ರೂಪಾಯಿಯ ಯಂತ್ರ ಐದು ವರ್ಷಗಳ ನಂತರ ಪುಸ್ತಕದಲ್ಲಿ 4,666 ರೂಪಾಯಿಗೆ ಇಳಿದಿರುತ್ತದೆ. ಅಂಗಡಿಯಲ್ಲಿ ಮಾತ್ರ ಅದೇ ಯಂತ್ರ ಎಂಟು ಹತ್ತು ವರ್ಷ ದುಡಿಯುತ್ತದೆ. ಮಿತವ್ಯಯ ಒಳ್ಳೆಯದೇ. ಆದರೆ ತಯಾರಕರು ಬಯಾಸ್ ತಿದ್ದುಪಡಿಯನ್ನು ನಿಲ್ಲಿಸಿದ ಮೇಲೆ ಆ ಯಂತ್ರವನ್ನು ದಾಸ್ತಾನು ಬರೆಯಲೋ ಲೇಬಲ್ ಮುದ್ರಿಸಲೋ ಇಟ್ಟುಕೊಂಡು, ಬ್ಯಾಂಕ್ ವ್ಯವಹಾರವನ್ನೂ ಡಿಜಿಟಲ್ ಸಹಿಯನ್ನೂ ಬೇರೆ ಯಂತ್ರಕ್ಕೆ ವರ್ಗಾಯಿಸುವುದು ವಿವೇಕ.

ಕಾನೂನಿನ ಹೊಣೆಯನ್ನೂ ಮರೆಯುವಂತಿಲ್ಲ. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ದುಷ್ಟ ತಂತ್ರಾಂಶದ ದಾಳಿಯೇ ಮೊದಲಾದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಸಣ್ಣ ಉದ್ದಿಮೆಗಳಿಗೆ ಇದು ಆ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯವಾಯಿತು. ನಿರ್ದೇಶನದಲ್ಲಿರುವ ‘ಬಾಡಿ ಕಾರ್ಪೊರೇಟ್’ ಎಂಬ ಪದ ಕಂಪನಿಗಳಿಗಷ್ಟೇ ಎಂದು ಅನೇಕರ ಭಾವನೆ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ಸೇರಿಸಿದ 43-ಎ ಕಲಮಿನ ವಿವರಣೆ ಪಾಲುದಾರಿಕೆ ಸಂಸ್ಥೆಯನ್ನೂ ಒಬ್ಬರೇ ಮಾಲೀಕರ ಅಂಗಡಿಯನ್ನೂ ಆ ಪದದೊಳಗೆ ತಂದಿತ್ತು.

ಇನ್ನು ಹೊಸ ಯಂತ್ರ ಕೊಳ್ಳುವವರು ದರಪಟ್ಟಿ ತರಿಸುವಾಗ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂಬುದರ ಜೊತೆಗೆ ಎರಡು ಸಾಲು ಹೆಚ್ಚಾಗಿ ಬರೆಸಬೇಕು: ಈ ಮಾದರಿಗೆ ತಯಾರಕರು ಎಷ್ಟು ವರ್ಷ ಬಯಾಸ್ ತಿದ್ದುಪಡಿ ಕೊಡುತ್ತಾರೆ, ಮತ್ತು ಬರೆಯುವಾಗ ಕೆಟ್ಟರೆ ಪೆನ್‌ಡ್ರೈವ್‌ನಿಂದ ಮತ್ತೆ ಬರೆಯುವ ಸೌಲಭ್ಯ ಮದರ್‌ಬೋರ್ಡಿನಲ್ಲಿದೆಯೇ. ಮಾರಾಟಗಾರರಿಗೆ ಉತ್ತರ ತಿಳಿಯದಿದ್ದರೆ, ಅದೇ ತಯಾರಕರ ಐದು ವರ್ಷ ಹಳೆಯ ಮಾದರಿಯೊಂದರ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ, ಅದಕ್ಕೆ ಕೊನೆಯ ಬಯಾಸ್ ಯಾವ ದಿನಾಂಕದಂದು ಬಂದಿದೆಯೆಂದು ನೋಡಿದರೆ ತಿಳಿಯುತ್ತದೆ.